ಇಳಿಜಾರು ಮುಗಿಯುವಲ್ಲಿ ನೀರು

...ಹಾಗಲ್ಲ ತಂಗಿ, ದೂರದಿಂದ ಕಾಣಲ್ಲ, ಹತ್ತಿರ ಬಾ. ಹೆದರಬೇಡ, ಬರೀ ಮರದ ಕಾಲುವೆ ಇದು, ಪಕ್ಕಕ್ಕೆ ಗಾಜು. ದೊಡ್ಡ ಕಾಲುವೆ ಕಟ್ಟೋಕೆ ಮುಂಚೆ ಇದರಲ್ಲೇ ನೀರು ಬಿಟ್ಟು ನೋಡಿ, ಗೋಡೆ ಎಷ್ಟೆತ್ತರ ಬೇಕು ಅಂತ ಬರೆದುಕೊಟ್ಟವನು ನಾನು. ನೀನೇ ಕೇಳಿದೆಯಲ್ಲ, "ಅಣ್ಣಾ, ನನ್ನ ಗಂಡನ್ನ ನೀರು ಹೇಗೆ ಎಳ್ಕೊಂಡು ಹೋಯ್ತು ತೋರಿಸು" ಅಂತ.

ನೋಡು, ನಲ್ಲಿ ತಿರುಗಿಸಿದೆ. ಇಲ್ಲಿ ಇಳಿಜಾರು ಜಾಸ್ತಿ, ನೀರು ತೆಳ್ಳಗೆ, ಬಿದ್ದೆನೋ ಕೆಟ್ಟೆನೋ ಅಂತ ಓಡುತ್ತೆ. ಇಲ್ಲಿಂದಾಚೆ ನೆಲ ಹೆಚ್ಚುಕಮ್ಮಿ ಸಮ. ಓಡಿ ಬಂದದ್ದು ನಿಧಾನದ್ದಕ್ಕೆ ಢೀ ಕೊಟ್ಟು... ಎದ್ದಿತು ನೋಡು, ನೊರೆ! ಯಾಕೆ ನಗ್ತೀಯಾ? ಹೌದೌದು, "ಊಟಕ್ಕೆ ಕರೆದಾಗ ನಿಮ್ಮಣ್ಣ ಓಡಿ ಬಂದು ಬಾಗಿಲಿಗೆ ಢೀ ಕೊಡೋ ಹಾಗೆ" ಅಂತಿದ್ದ ಭಾವ. ಬಾಯಿ ತುಂಬಾ ನಗು ಅವನಿಗೆ...

ಅಳಬೇಡ್ವೇ. ದೊಡ್ಡ ಕಾಲುವೆಗೆ ನೀರು ಬಿಟ್ಟ ಮೊದಲ ದಿನ ಅದು. ಅಳತೆಪಟ್ಟಿ ಓದೋದು ಅವನ ಕೆಲಸ, ಗೋಡೆ ಮೇಲೆ ನಿಂತಿದ್ದ. ನೀರು ಗೋಡೆ ದಾಟಿ ನೆಗೆಯಿತು. ಅಷ್ಟೇ. ಆ ದೇವರ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿ ಅಲುಗುತ್ತಾ? ದೇವರು ಕರೆದ, ಭಾವ ಹೋದ. ನಾವು ಕೈಮುಗಿಯಬೇಕು, ಅಷ್ಟೇ...

ಏನು ನೋಡ್ತಿದೀಯಾ? ಇಳಿಜಾರು ಮುಗಿಯೋ ಮೂಲೆಯಾ? ಕೈ ತೆಗಿ, ಒದ್ದೆಯಾಗುತ್ತೆ. ಕೆರೀಬೇಡ... ಉಗುರಲ್ಲಿ ಕೆರೀಬೇಡ ಅಂದೆನಲ್ಲಾ!

ಮೇಣ ಅದು.

ಹಾಗೆ ನೋಡಬೇಡ. ಎಲ್ಲರೂ ಹಚ್ತಾರೆ... ಇಲ್ಲ. ಎಲ್ಲರೂ ಹಚ್ಚಲ್ಲ. ಮೂಲೆ ಚೂಪಾಗಿದ್ದಾಗ ನೀರು ಒಂದು ಕಡೆ ನಿಲ್ತಿರಲಿಲ್ಲ ಕಣೇ. ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಗಾಜಿನ ಮೇಲಕ್ಕೇ ಚಿಮ್ಮೋದು. ಮೂರು ವಾರ ಒಂದು ಅಳತೆಯೂ ಸಿಗಲಿಲ್ಲ. ಬೆಳಗಾದರೆ ಸಾಹೇಬರಿಗೆ ಲೆಕ್ಕ ಒಪ್ಪಿಸಬೇಕು. ಇಷ್ಟೇ ಇಷ್ಟು ಮೇಣ ಒತ್ತಿ ಮೂಲೆ ನುಣುಪು ಮಾಡಿದೆ. ನೀರು ಹಸುವಿನ ಹಾಗೆ ಸಾಧುವಾಯ್ತು. ಗೋಡೆ ಇಷ್ಟೆತ್ತರ ಸಾಕು ಅಂತ ಬರೆದೆ. ಅಲ್ಲಿ ಕಟ್ಟಿದವರು ಯಾಕೆ ಮೇಣ ಹಚ್ತಾರೆ? ನಕ್ಷೆಯಲ್ಲಿದ್ದ ಹಾಗೆ ಚೂಪಾಗಿಯೇ ಕಟ್ಟಿದರು. ಆಮೇಲೆ ಹೇಳೋಣ ಅಂದ್ಕೊಂಡೆ, ಮರೆತೆ... ಇಲ್ಲ ತಂಗಿ. ಮರೆತಿರಲಿಲ್ಲ.

ಮಾತಾಡೇ. ಬೈಯಾದರೂ ಬೈಯೇ, ತಾಯಿ... ಎರಡು ತಿಂಗಳಿಂದ ಎಲ್ಲಾ ಆ ದೇವರ ಮೇಲೆ ಹಾಕಿ ಅವನೆದುರೇ ಕಣ್ಮುಚ್ಚಿ ಕೂರ್ತಿದೀನಿ. ಅವನೂ ಹೀಗೇ ಕಣೇ. ಒಂದು ಮಾತೂ ಆಡಲ್ಲ. ನಿನ್ನ ಹಾಗೇ... ನೋಡ್ತಾ ಇರ್ತಾನೆ.