ತಿರುವದೆ ಉಳಿದ ಹಾಳೆ

ರಾತ್ರಿ ಹನ್ನೊಂದೂವರೆ ಆಗಲು ಇನ್ನೂ ಒಂದೆರಡು ನಿಮಿಷ ಇತ್ತು. ನಮ್ಮ ದೊಡ್ಡಪ್ಪನ ಮಗ ಮ್ಯೂಸಿಯಂನ ಹಿಂಬಾಗಿಲಿಗೆ ಬೀಗ ಹಾಕಿಕೊಂಡು ಮನೆ ಕಡೆ ಹೊರಟಿದ್ದ. ನನಗಿಂತ ಆರು ತಿಂಗಳಿಗೆ ದೊಡ್ಡವನು, ಆದ್ದರಿಂದ ಅಣ್ಣ ಅನ್ನಲೇಬೇಕು. ದಾರಿ ಬಾವಿಯ ಪಕ್ಕದಲ್ಲೇ. ಹಿಂದೆ ಹಡಗುಗಳು ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದ ಬಾವಿ ಅದು. ಈಗ ಅದರ ಮೇಲೊಂದು ಕಬ್ಬಿಣದ ಜಾಲರಿ, ಜಾಲರಿಯ ಮೇಲೊಂದು ಫಲಕ, ಫಲಕದಲ್ಲಿ ಎರಡು ತಪ್ಪು. ಎರಡೂ ಅಣ್ಣನವೇ, ಅಲ್ಲಿನ ಫಲಕಗಳನ್ನು ಬರೆಯುವವನು ಅವನೇ.

ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು...

ಠಣ್-ಠಣ್... ಠಣ್-ಠಣ್... ಠಣ್-ಠಣ್... ಠಣ್.

ಬೆನ್ನ ಹಿಂದಿನಿಂದ. ಮ್ಯೂಸಿಯಂ ಒಳಗಿನಿಂದ.

ಅದು ಹಡಗಿನ ಗಂಟೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಹಡಗಿನಲ್ಲಿ ಪಹರೆಯವನು ಅರ್ಧ ಗಂಟೆಗೊಮ್ಮೆ ಬಾರಿಸುತ್ತಾನೆ. ಮೊದಲ ಸಲ ಒಂದು ಹೊಡೆತ, ಆಮೇಲೆ ಪ್ರತಿ ಸಲ ಒಂದೊಂದು ಹೆಚ್ಚು. ಎಂಟಾದರೆ ಪಾಳಿ ಮುಗಿಯಿತು; ಬದಲಿಯವನು ಬರುತ್ತಾನೆ, ಇವನು ಹೋಗಿ ಮಲಗಬಹುದು. ರಾತ್ರಿ ಎಂಟಕ್ಕೆ ಶುರುವಾದ ಪಾಳಿಯಲ್ಲಿ ಹನ್ನೊಂದೂವರೆಗೆ ಏಳು. ಕೇಳಿಸಿದ್ದೂ ಏಳು. ಆದರೆ ಮ್ಯೂಸಿಯಂನಲ್ಲಿದ್ದ ಒಂದೇ ಒಂದು ಗಂಟೆಗೆ ನಾಲಗೆ ಇರಲಿಲ್ಲ. ಬಂದವರೆಲ್ಲ ಬಾರಿಸುತ್ತಾರೆಂದು ಅದನ್ನು ಬಿಚ್ಚಿ, ಬೇರೆ ನಂಬರ್ ಬರೆದು, ಡ್ರಾಯರಿನಲ್ಲಿ ಇಟ್ಟವನು ಅಣ್ಣನೇ.

ಆ ಮ್ಯೂಸಿಯಂ ಬಗ್ಗೆ ಎರಡು ಮಾತು ಹೇಳಬೇಕು. ಮೂರನೆಯದಕ್ಕೆ ಅದು ಯೋಗ್ಯವಲ್ಲ. ಆ ಕರಾವಳಿಯ ನೌಕಾ ಚರಿತ್ರೆ ಕಾಪಾಡಲೆಂದು ಕಟ್ಟಿದ್ದು. ಐದು ಲಂಗರು, ಎಂದೂ ಗುಂಡು ಹಾರಿಸದ ಒಂದು ಫಿರಂಗಿ, ಬಾಟಲಿಯೊಳಗಿನ ಹಡಗುಗಳ ಒಂದು ಕಪಾಟು. ನಿರ್ದೇಶಕರನ್ನು ಎಲ್ಲರೂ ಬೆನ್ನ ಹಿಂದೆ ಅಡ್ಮಿರಲ್ ಎನ್ನುತ್ತಿದ್ದರು. ಹೊಳೆ ದಾಟಿಸುವ ದೋಣಿಯಲ್ಲೂ ವಾಂತಿ ಮಾಡಿಕೊಂಡ ಮನುಷ್ಯ.

ನಡು ಹಾಲಿನಲ್ಲಿ, ಆ ಗಂಟೆಯ ಪಕ್ಕ, ಗಾಜಿನ ಪೆಟ್ಟಿಗೆಯೊಳಗೆ ಒಂದು ಲಾಗ್ ಪುಸ್ತಕ, ಅಂದರೆ ಹಡಗಿನ ದಿನಚರಿ. ಎರಡೂ ಒಂದೇ ಹಡಗಿನವು. ಎಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಒಂದು ರಾತ್ರಿ ಬಂಡೆಗೆ ಹೊಡೆದು ಮುಳುಗಿದ ಹಡಗು. ಕ್ಯಾಪ್ಟನ್ ಪುಸ್ತಕ ಹಿಡಿದುಕೊಂಡು ದೋಣಿ ಹತ್ತಿದ. ಪಹರೆಯವನು ಹಡಗಿನ ಜೊತೆಗೇ ಹೋದ. ಗಂಟೆ ಎಷ್ಟೋ ವರ್ಷದ ಮೇಲೆ ಮೀನುಗಾರರ ಬಲೆಗೆ ಸಿಕ್ಕಿತು. ಪಹರೆಯವನು ನಿದ್ದೆ ಹೋಗಿದ್ದ ಎಂದು ಕ್ಯಾಪ್ಟನ್ ಹೇಳಿದ, ಎಲ್ಲರೂ ಬರೆದುಕೊಂಡರು. ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲವಲ್ಲ. ಹನ್ನೊಂದು ವರ್ಷದ ಹಿಂದೆ ಕ್ಯಾಪ್ಟನ್ನನ ಮನೆಯವರು ಪುಸ್ತಕವನ್ನು ಮ್ಯೂಸಿಯಂಗೆ ಕೊಟ್ಟರು. ಯಾರೋ ದೊಡ್ಡವರು ಹಡಗಿಗೆ ಬಂದಾಗ ಸಹಿ ಮಾಡಿದ್ದ ಹಾಳೆ ತೆರೆದು ಇಟ್ಟಾಯಿತು. ಮುಂದಿನ ಹಾಳೆ ಓದುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ತೆರೆದಿಟ್ಟ ಪುಸ್ತಕಕ್ಕೆ ಒಂದು ನಿಯಮ ಇದೆ. ಒಂದೇ ಹಾಳೆಗೆ ಬೆಳಕು ಬೀಳುತ್ತಿದ್ದರೆ ಅದು ಸುಟ್ಟಂತೆ ಕಂದುತ್ತದೆ. ಮೂರು ತಿಂಗಳಿಗೊಮ್ಮೆ ಸೀಲ್ ಒಡೆದು, ಹಾಳೆ ತಿರುವಿ, ಹೊಸ ಸೀಲ್ ಒತ್ತಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಅಣ್ಣನ ಕೆಲಸ ಅದು. ಅವನು ಸಹಿ ಹಾಕುತ್ತಿದ್ದ. ಬಾಲ ಸುತ್ತಿಕೊಂಡ ಚೇಳಿನಂಥ ಸಹಿ. ಅದರ ಕೆಳಗೆ ಅಡ್ಮಿರಲ್ ಸಹಿ. ಹನ್ನೊಂದು ವರ್ಷ ಇಬ್ಬರೂ ತಪ್ಪದೆ ಹಾಕಿದರು. ಹಾಳೆ ಮಾತ್ರ ಒಂದು ಸಲವೂ ತಿರುಗಲಿಲ್ಲ.

ಅವತ್ತು ಸಂಜೆ ಪಹರೆಯವನ ಮಗಳು ಬಂದಿದ್ದರು. ಎಂಬತ್ತರ ಹತ್ತಿರದ ನಿವೃತ್ತ ಟೀಚರ್. ಪ್ರತಿ ವರ್ಷ ಬರುತ್ತಿದ್ದರು, ಇವನು ಪ್ರತಿ ವರ್ಷ ಬೇರೆ ಬೇರೆ ನೆಪ ಹೇಳಿ ಕಳಿಸುತ್ತಿದ್ದ. ಈ ಸಲ ಅವರಿಗೆ ಹೆಚ್ಚು ಹೊತ್ತಿರಲಿಲ್ಲ. ‘ಪಹರೆಯವನ ನಿದ್ದೆಗೆ ಬಲಿಯಾದ ಹಡಗು’ ಎಂಬ ಹೊಸ ಫಲಕದ ಸಾಲು ಮಾರನೆಯ ಬೆಳಿಗ್ಗೆ ಹಿತ್ತಾಳೆಯಲ್ಲಿ ಎರಕವಾಗಲು ಹೋಗುವುದಿತ್ತು.

“ನೋಡಪ್ಪ, ನಮ್ಮಪ್ಪ ಅರ್ಧ ಗಂಟೆಗೊಮ್ಮೆ ಬರೆಯೋರು. ನಿದ್ದೆ ಮಾಡಿದ್ರೆ ಬರೆದಿರಲ್ಲ. ಒಂದೇ ಒಂದು ಹಾಳೆ ತಿರುವು.”

ನಿಯಮ ಇಲ್ಲಮ್ಮ ಎಂದ. ನಾಚಿಕೆ ಇಲ್ಲದವನಿಗೆ ನಿಯಮ ಚೆನ್ನಾಗಿ ಬಾಯಿಗೆ ಬರುತ್ತದೆ. ತಿರುವಿದರೆ ಕಂದಿದ ಹಾಳೆ ಕಂಡು ತನ್ನ ಸಹಿಗಳ ಬಂಡವಾಳ ಬಯಲಾಗುತ್ತದೆ, ಅಷ್ಟೇ. ಟೀಚರಮ್ಮ ಕೊಡೆ ಎತ್ತಿಕೊಂಡು ಹೋದರು. ಇವನು ರಾತ್ರಿವರೆಗೆ ಕೂತು ಆ ಸಾಲನ್ನು ದುಂಡಗೆ ಬರೆದಿಟ್ಟ.

ಈಗ ಬಾವಿಯ ಹತ್ತಿರ ನಿಂತಿದ್ದಾನೆ...

ಅಡ್ಮಿರಲ್ ಯಾರೋ ನೆಂಟರನ್ನು ಕರೆತಂದು ಮೆರೆಯುತ್ತಿರಬೇಕು ಎಂದುಕೊಂಡ. ಬೈಯುತ್ತಲೇ ವಾಪಸು ಹೋದ. ಗೇಟಿನಲ್ಲಿ ಕಾವಲುಗಾರ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ ಏಳಲಿಲ್ಲ. ಆಫೀಸಿನಲ್ಲಿ ಟಾರ್ಚ್ ಹುಡುಕುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಡ್ರಾಯರ್ ಎಳೆದು ನೋಡಿದ. ಗಂಟೆಯ ನಾಲಗೆ ಹತ್ತಿಯಲ್ಲಿ ಸುತ್ತಿದಂತೆಯೇ ಇತ್ತು.

ಆಮೇಲೆ ಅವನ ನಡಿಗೆ ನಿಧಾನವಾಯಿತು.

ನಡು ಹಾಲಿನಲ್ಲಿ ಕತ್ತಲೆ. ಮೊದಲು ಏನೂ ಇಲ್ಲ. ಆಮೇಲೆ... ಸರ್... ಸರ್... ಗಟ್ಟಿ ಕಾಗದ ಕಾಗದಕ್ಕೆ ಉಜ್ಜುವ ಸದ್ದು. ಟಾರ್ಚ್ ಬೆಳಕು ಬಿಟ್ಟ. ಪೆಟ್ಟಿಗೆಯ ಬೀಗ ಬೀಗದ ಹಾಗೇ ಇತ್ತು. ಸೀಸದ ಸೀಲ್ ಸೀಲಿನ ಹಾಗೇ ಇತ್ತು. ಗಾಜಿನೊಳಗೆ ಹಾಳೆ ಅರ್ಧ ಎದ್ದು ನೆಟ್ಟಗೆ ನಿಂತಿತ್ತು.

“ಯಾರು?”

ಪಿಸುಮಾತು. ಕಿವಿಯ ಪಕ್ಕದಲ್ಲಲ್ಲ, ಪೆಟ್ಟಿಗೆಯ ಆ ಕಡೆಯಿಂದ. ಬಹಳ ದಣಿದ ಗಂಟಲು.

ಅಣ್ಣ ಟಾರ್ಚನ್ನು ಆ ಕಡೆ ತಿರುಗಿಸಿದ. ಯಾರೂ ಇರಲಿಲ್ಲ.

“ಬದಲಿ ಬಂದೆಯಾ?”

ಇಲ್ಲಿ ಅವನು ಧೈರ್ಯ ಮಾಡಿದ, ಕರುಣೆ ತೋರಿದ ಎಂದೆಲ್ಲ ತಿಳಿಯಬೇಡಿ. ಹೇಗಾದರೂ ಹೊರಗೆ ಹೋದರೆ ಸಾಕಿತ್ತು. ಪಹರೆಯವನಿಗೆ ಯಾವ ಉತ್ತರ ಬೇಕೆಂದು ಫಲಕ ಬರೆದೂ ಬರೆದೂ ಗೊತ್ತಿತ್ತು. ಅದನ್ನೇ ಹೇಳಿದ.

“ಬಂದೆ... ನೀನು ಹೋಗಿ ಮಲಗು.”



ಠಣ್-ಠಣ್... ಠಣ್-ಠಣ್... ಠಣ್-ಠಣ್... ಠಣ್-ಠಣ್.

ಎಂಟು. ಗಂಟೆ ಅಲ್ಲಾಡಲಿಲ್ಲ. ಹಾಳೆ ಪಟ್ಟೆಂದು ಆ ಕಡೆ ಬಿತ್ತು. ಅವನು ಓಡಿದ. ಒಂದು ಚಪ್ಪಲಿ ಬಾವಿಯ ಹತ್ತಿರ ಸಿಕ್ಕಿತು, ಬೆಳಿಗ್ಗೆ.

ಬೆಳಿಗ್ಗೆ ಅವನೂ ಅಡ್ಮಿರಲ್ಲೂ ಪೆಟ್ಟಿಗೆಗೆ ಬಗ್ಗಿ ನೋಡಿದರು. ಸೀಲ್ ಮೇಲಿನ ತಾರೀಖು ಹನ್ನೊಂದು ವರ್ಷ ಹಳೆಯದು. ಹಳೆಯ ಹಾಳೆಯ ಬೆನ್ನು ಚಹಾ ಬಣ್ಣಕ್ಕೆ ತಿರುಗಿತ್ತು. ಎದುರಿನ ಹಾಳೆ ಬೆಳ್ಳಗೆ. ಅದರ ಮೇಲೆ ಪಹರೆಯವನ ಕೈಬರಹ. ಹತ್ತೂವರೆ: ಎಡಕ್ಕೆ ಅಲೆ ಒಡೆಯುವ ಸದ್ದು, ಕ್ಯಾಪ್ಟನರಿಗೆ ತಿಳಿಸಿದೆ. ಹನ್ನೊಂದು: ಬಂಡೆ ಹತ್ತಿರ, ಮತ್ತೆ ಬಾಗಿಲು ತಟ್ಟಿದೆ, ಎದ್ದಿಲ್ಲ. ಹನ್ನೊಂದೂವರೆ: ಒಳಗಿನಿಂದ ಚಿಲಕ ಹಾಕಿದ್ದಾರೆ, ಗಂಟೆ ಬಾರಿಸುತ್ತಿದ್ದೇನೆ.

ಅಡ್ಮಿರಲ್ ಎರಡು ಸಲ ಓದಿದರು. ಆಮೇಲೆ ಹಾಲಿನ ಬಾಗಿಲು ಮುಚ್ಚಿ ಬಂದರು.

“ಸೀಲ್ ಒಡೆದು ಹಿಂದಕ್ಕೆ ತಿರುವಿಬಿಡ್ರೀ. ಎರಕದವನು ಕಾಯ್ತಿದಾನೆ.”

ಹಿಂದಿನ ದಿನ ಆಗಿದ್ದರೆ ಅಣ್ಣ ತಿರುವುತ್ತಿದ್ದ, ರಿಜಿಸ್ಟರಿಗೆ ಸಹಿಯನ್ನೂ ಹಾಕುತ್ತಿದ್ದ. ಆದರೆ ಅವನ ಕಣ್ಣು ಕೊನೆಯ ಸಾಲಿನಲ್ಲಿತ್ತು. ಹನ್ನೆರಡು ಗಂಟೆ. ‘ಬದಲಿ ಬಂದವರು’ ಎಂಬ ಕಾಲಂ. ಆಫೀಸಿಗೆ ಹೋಗಿ ಟೀಚರಮ್ಮನಿಗೆ ಫೋನ್ ಮಾಡಿದ.

ಅವರು ಬಂದು ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಗೆ ಬೆರಳು ನಿಂತಿತು.

“ಇದು ಯಾರ ಸಹಿ?”

“ನಂದಮ್ಮ.”

ಅವರು ಇವನ ಮುಖ ನೋಡಲಿಲ್ಲ. “ಅಂತೂ ಒಬ್ಬ ಬಂದ,” ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಆ ಸಾಲು ಎರಕಕ್ಕೆ ಹೋಗಲಿಲ್ಲ. ಅಣ್ಣನನ್ನು ಗೋಡೌನಿಗೆ ಹಾಕಿದರು. ಅಡ್ಮಿರಲ್ ಇದ್ದಲ್ಲೇ ಇದ್ದಾರೆ, ಅಂಥವರು ಇರುತ್ತಾರೆ. ಇದನ್ನು ಅಣ್ಣನೇ ಕಟ್ಟಿದ ಕತೆ ಅನ್ನುವವರಿದ್ದಾರೆ. ಅವನು ಸುಳ್ಳ ಹೌದು, ಆದರೆ ಸೋಮಾರಿ ಸುಳ್ಳ. ಇಷ್ಟು ಕಷ್ಟಪಡುವ ಜಾತಿಯಲ್ಲ. ಅದೂ ಅಲ್ಲದೆ ನಾನೇ ಹೋಗಿ ನೋಡಿದ್ದೇನೆ. ಬಾಲ ಸುತ್ತಿಕೊಂಡ ಚೇಳು, ಅವನದೇ. ಶಾಯಿ ಮಾತ್ರ ಮೇಲಿನ ಸಾಲುಗಳಷ್ಟೇ ಹಳೆಯದು, ಅವುಗಳಷ್ಟೇ ಮಾಸಿದೆ.