ಎರಡನೆಯ ಕೊಳವೆ

ನಗುವವರು ಈಗಲೇ ನಕ್ಕುಬಿಡಿ. ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಅವಳು ಸುಳ್ಳು ಹೇಳುವ ಪೈಕಿ ಅಲ್ಲ.

ದ್ವೀಪವೊಂದರಲ್ಲಿ ಅವಳ ಕೆಲಸ. ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಹವಳದ ದಿಬ್ಬಕ್ಕೆ ಇಳಿಸಿ, ಮೀನು ತೋರಿಸುವುದು. ಕಲಿಸಿದವರು ಕಿಂಡಿಹಲ್ಲಿನ ಮೇಷ್ಟ್ರು. ಬಲಗಡೆ ಮೇಲಿನ ಕೋರೆಹಲ್ಲು ಇರಲಿಲ್ಲ, ಬಾಯಿಗೆ ಬಿಡುವೂ ಇರಲಿಲ್ಲ. ನೀರಿನಡಿ ಮಾತಾಡಲಾಗದ ಸಂಕಟಕ್ಕೆ ಚಾಕುವಿನ ಹಿಡಿಯಿಂದ ಸಿಲಿಂಡರ್ ಬಡಿದು ಶಿಷ್ಯರನ್ನು ಕರೆಯುತ್ತಿದ್ದರು. ಟಿಣ್... ಟಿಣ್ ಟಿಣ್.

ಆ ಮೇಷ್ಟ್ರು ಸತ್ತು ಒಂಬತ್ತು ದಿನವಾಗಿತ್ತು. ಹವಳಕ್ಕೆ ಸುತ್ತಿಕೊಂಡ ಹಳೇ ಬಲೆಯಲ್ಲಿ ಕಡಲಾಮೆಯೊಂದು ಸಿಕ್ಕಿತ್ತು. ಅದನ್ನು ಬಿಡಿಸುತ್ತಲೇ ಅವರ ಗಾಳಿ ಮುಗಿಯಿತು. ಜೊತೆಯವರಿಗೆ ಬೇಕಾದೀತೆಂದು ಪ್ರತಿ ಸಿಲಿಂಡರಿಗೂ ಎರಡನೆಯ ಉಸಿರುಕೊಳವೆ ಇರುತ್ತದೆ. ಇವಳು ತನ್ನದನ್ನು ಅವರ ಬಾಯಿಗೇ ಹಿಡಿದಳು. ಇನ್ನೊಂದೇ ಎಳೆ, ತಡಿ ಎಂಬಂತೆ ಅವರು ಸರಿಸಿದರು. ಆಮೆ ಪಾರಾಯಿತು. ಮೇಷ್ಟ್ರು ಅಷ್ಟರಲ್ಲಿ ನೀರು ಕುಡಿದಿದ್ದರು.

ದಡದಲ್ಲಿ ಮಾತೇ ಬೇರೆಯಾಯಿತು.

"ತನ್ನ ಗಾಳಿ ಉಳಿಸ್ಕೊಂಡ್ಳು," ಎಂದ ದೋಣಿಯ ಯಜಮಾನ. ಒಂಬತ್ತನೆಯ ದಿನ ಸಂಜೆ, ನಾಳೆ ಬೆಳಗಿನ ದೋಣಿಗೆ ಗಂಟುಮೂಟೆ ಕಟ್ಟು ಎಂದು ಕಟ್ಟಪ್ಪಣೆ ಮಾಡಿದ.

ಅವನ ಹತ್ತಿರ ಜಗಳವಾಡಿ ರಾತ್ರಿ ಒಬ್ಬಳೇ ಕೋಣೆಗೆ ಹೊರಟಳು. ದಾರಿಯಲ್ಲಿ ಬಾವಿ. ಉಪ್ಪು ಹತ್ತಿದ ಸಾಮಾನೆಲ್ಲ ತೊಳೆಯುವುದು ಅಲ್ಲೇ. ಎಲೆಯೂ ಅಲುಗುತ್ತಿರಲಿಲ್ಲ...

ಟಿಣ್.

ನಿಂತು ಕಿವಿಗೊಟ್ಟಳು.

ಟಿಣ್ ಟಿಣ್... ಬಾವಿಯೊಳಗಿಂದ.

ಬೇರೆಯವರಾಗಿದ್ದರೆ ಓಟ ಕೀಳುತ್ತಿದ್ದರು. ಇವಳು ಬಗ್ಗಿದಳು. ಬರೀ ಕತ್ತಲು.

"ಮೇಷ್ಟ್ರೇ?" ಪಿಸುಗುಟ್ಟಿದಳು.

ಗುಳು... ಗುಳುಗುಳು...

ಹೆದರಿಕೆಗಿಂತ ಮೊದಲು ಅವಳಿಗೆ ಸಿಟ್ಟು ಬಂತು. "ನನ್ನೇ ಹೆದರಿಸ್ತೀರಾ? ಅವತ್ತು ಕೊಟ್ರೆ ಬೇಡ ಅಂದ್ರಿ. ಇರಿ, ಬಂದೆ."

ಉಗ್ರಾಣದಿಂದ ತುಂಬಿದ ಸಿಲಿಂಡರ್ ತಂದಳು. ಎರಡನೆಯ ಕೊಳವೆಯ ತುದಿಗೆ, ಹಲ್ಲಲ್ಲಿ ಕಚ್ಚಿ ಹಿಡಿಯುವ ರಬ್ಬರ್ ಹೊಸದನ್ನೇ ಹಾಕಿದಳು. ತಿರುಪು ಬಿಚ್ಚಿದಳು, ಕುಸ್ಸ್! ಹಗ್ಗ ಕಟ್ಟಿ ಇಳಿಬಿಟ್ಟಳು. ಕಲ್ಲಿಗೆ ತಾಗಿ ಠಣ್ ಎಂದಿತು. ಮುಳುಗಿತು.

"ತಗೊಳ್ಳಿ. ಆದ್ರೆ ನಾನು ಎಲ್ಲಿಗೂ ಹೋಗಲ್ಲ."

ಸದ್ದಿಲ್ಲ... ಆಮೇಲೆ, ಸ್ಸ್ಸ್... ಗುಳುಗುಳು... ಸ್ಸ್ಸ್... ಅವಸರವಿಲ್ಲದ ಉಸಿರು. ಅವಳು ಬಾವಿಕಟ್ಟೆಯ ಮೇಲೇ ಬೆಳಗು ಮಾಡಿದಳು. ಅಳು ಬಂತು, ಅತ್ತಳು. ಹಗ್ಗ ಮಾತ್ರ ಬಿಡಲಿಲ್ಲ.

ಬೆಳಿಗ್ಗೆ ಯಜಮಾನ ಅವಳನ್ನು ಸಾಗಹಾಕಲು ಬಂದ. ಅವನೆದುರೇ ಸಿಲಿಂಡರ್ ಮೇಲೆಳೆದಳು. ಮಾಪಕದ ಮುಳ್ಳು ಸೊನ್ನೆಗೆ ಬಂದಿತ್ತು.

"ಸೋರಿರುತ್ತೆ ಬಿಡು," ಎಂದ.

"ಇದನ್ನ ನೋಡಿ." ರಬ್ಬರ್ ಕಿತ್ತು ಅವನ ಅಂಗೈಗಿಟ್ಟಳು.

ತಿರುಗಿಸಿ ತಿರುಗಿಸಿ ನೋಡಿದ. ಅವಳ ಕೈಗೇ ಮರಳಿಸಿದ. ದೋಣಿ ಅವಳಿಲ್ಲದೆ ಹೋಯಿತು. ಮಧ್ಯಾಹ್ನ ಅವಳು ದಿಬ್ಬಕ್ಕೆ ಇಳಿದು, ಉಳಿದ ಬಲೆಯನ್ನೆಲ್ಲ ಕೊಯ್ದು ತಂದು ಅವನ ಬಾಗಿಲಲ್ಲೇ ಸುರಿದಳು.

ನಂಬಿ, ಬಿಡಿ. ಆ ರಬ್ಬರ್ ಇಂದಿಗೂ ಅವಳ ಹತ್ತಿರ ಇದೆ. ನಾನೇ ಬೆರಳಾಡಿಸಿ ನೋಡಿದ್ದೇನೆ, ಆಣೆ. ಹಲ್ಲಿನ ಗುರುತು ಸಾಲಾಗಿ, ಆಳವಾಗಿ ಬಿದ್ದಿದೆ... ಬಲಗಡೆ ಮೇಲೆ, ಕೋರೆಹಲ್ಲು ಬರಬೇಕಾದ ಜಾಗದಲ್ಲಿ ಮಾತ್ರ ನುಣ್ಣಗಿದೆ.