ಅರ್ಧ ಸೆಕೆಂಡು ಮುಂಚೆ

ನಗುವುದಾದರೆ ಈಗಲೇ ನಕ್ಕುಬಿಡಿ. ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗಳಿಗೆ. ದೆವ್ವ ಎಂದರೆ ಮೂಗು ಮುರಿಯುವವಳು ಅವಳು.

ಆಸ್ಪತ್ರೆಯಲ್ಲಿ ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಡುವ ಮುಂಚೆ ಲೆಕ್ಕ ಹಾಕುವುದು ಅಕ್ಕನ ಕೆಲಸ. ಎದೆಯ ಗಡ್ಡೆ ಸುಮ್ಮನಿರುವುದಿಲ್ಲ, ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತದೆ. ಯಂತ್ರವೋ ಸ್ವಲ್ಪ ನಿಧಾನ. ಹಾಗಾಗಿ ಅರ್ಧ ಸೆಕೆಂಡಿನ ನಂತರ ಉಸಿರು ಎಲ್ಲಿರುತ್ತದೆ ಎಂದು ಅವಳ ಗಣಿತ ಮೊದಲೇ ಹೇಳಬೇಕು. ತಪ್ಪಿದರೆ ಕಿರಣ ಗಡ್ಡೆ ಬಿಟ್ಟು ಹೃದಯಕ್ಕೆ ಬೀಳುತ್ತದೆ. ಇದು ನಡೆದ ಮರುದಿನ ಆ ಯಂತ್ರದ ಕೆಳಗೆ ಮಲಗಬೇಕಾದವರು ನಮ್ಮ ಸೋದರಮಾವ. ಟೈಲರ್. ಅಕ್ಕನನ್ನು ಎತ್ತಿ ಆಡಿಸಿದವರು. ಅವರ ಉಸಿರು ಅವಳಿಗೆ ಬಾಯಿಪಾಠ: ಎರಡು ಗಿಡ್ಡ, ಒಂದು ಸಣ್ಣ ಸಿಳ್ಳೆ, ಆಮೇಲೆ ಉದ್ದದ್ದು.

ಲೆಕ್ಕ ಮುಗಿಸಿ ಹೊರಟಾಗ ತುಂಬಾ ಹೊತ್ತಾಗಿತ್ತು. ಆಸ್ಪತ್ರೆಯ ಹಿಂದಿನ ದಾರಿಯಲ್ಲಿ ಜಾಲರಿ ಮುಚ್ಚಿದ ಹಳೆಯ ಬಾವಿ. ಅದರ ಪಕ್ಕಕ್ಕೆ ಬಂದಳು...

ಹ್ಞು. ಹ್ಞು. ಸುಯ್ಯ್... ಹಾಆ.

ಬಾವಿಯೊಳಗಿಂದ! ಅಲ್ಲೇ ನಿಂತು ಮಾವನಿಗೆ ಫೋನ್ ಮಾಡಿದಳು.

"ಮಾವ, ಎಲ್ಲಿದೀರಾ?"

"ಹಾಸಿಗೇಲಿ ಕಣೇ. ಯಾಕೆ, ನಿನ್ನ ಲೆಕ್ಕ ಕೈಕೊಡ್ತಾ?"

"ಮಾತಾಡಬೇಡಿ... ಸುಮ್ನೆ ಉಸಿರಾಡಿ."

ಬಾವಿಯಲ್ಲಿ ಸುಯ್ಯ್. ಆಮೇಲೆ ಫೋನಿನಲ್ಲಿ ಸುಯ್ಯ್. ಬಾವಿಯಲ್ಲಿ ಹಾಆ. ಆಮೇಲೆ ಫೋನಿನಲ್ಲಿ. ಪ್ರತಿ ಸಲವೂ ಬಾವಿಯದೇ ಅರ್ಧ ಸೆಕೆಂಡು ಮುಂದೆ. ಫೋನಿನ ಸದ್ದು ತಡವಾಗಿ ಬರುತ್ತದೆ ಅಂತೀರಾ? ಆಯ್ತು ಬಿಡಿ, ಹಾಗಾದರೆ ಬಾವಿಯಲ್ಲಿ ಉಸಿರಾಡಿದ್ದು ಯಾರು?

ಹ್ಞು. ಹ್ಞು...

ಬಾವಿ ನಿಂತಿತು.

ಫೋನೂ ನಿಂತಿತು.

ಅಕ್ಕ ಫೋನಿಗೆ ಕೂಗಿದಳು. "ಮಾವಾ! ಉಸಿರು ಎಳ್ಕೊಳ್ಳಿ! ನನ್ನಾಣೆ, ಎಳ್ಕೊಳ್ಳಿ!"

ಆ ಕಡೆ ಅತ್ತೆ ಕಿರುಚಿದ್ದು, ಮಾವನ ಬೆನ್ನಿಗೆ ಧಪಧಪ ಬಡಿದದ್ದು ಕೇಳಿಸಿತು. ಆಮೇಲೆ... ಬಟ್ಟೆ ಹರಿದಂಥ ಒಂದು ಎಳೆತ. ಹಾಆ. ಮಾವ ಬದುಕಿದರು, ಅಕ್ಕ ದಾರಿಯಲ್ಲೇ ಕೂತು ಗೊಳೋ ಎಂದು ಅತ್ತಳು. ಬಾವಿ ಮತ್ತೆ ಸದ್ದು ಮಾಡಲಿಲ್ಲ.

ಚೇತರಿಸಿಕೊಂಡ ಮೇಲೆ ಮಾವನನ್ನು ಯಂತ್ರದ ಕೆಳಗೆ ಮಲಗಿಸಿದರು. ಪರದೆಯ ಮೇಲೆ ಎರಡು ಗೆರೆ. ಬಿಳಿಯದು ಈಗಿನ ಉಸಿರು, ಹಸಿರು ಅಕ್ಕನ ಗಣಿತ ಹೇಳುವ, ಅರ್ಧ ಸೆಕೆಂಡಿನ ನಂತರದ ಉಸಿರು. ಬಿಳಿ ಗೆರೆ ಚೆನ್ನಾಗಿ ಏರಿಳಿಯಿತು. ಹಸಿರು ಅಲುಗಲೇ ಇಲ್ಲ. ಕಂಪ್ಯೂಟರ್ ಬದಲಿಸಿದರು. ಅಕ್ಕ ಗಣಿತವನ್ನೇ ಹೊಸದಾಗಿ ಕಟ್ಟಿದಳು. ಬೇರೆ ಯಾರನ್ನು ಮಲಗಿಸಿದರೂ ಸರಿಯಾಗಿ ಬರುತ್ತಿತ್ತು. ಕೊನೆಗೆ ಗಡ್ಡೆ ಅಲುಗದಂತೆ ಮಾವನಿಗೆ ಉಸಿರು ಬಿಗಿಹಿಡಿಸಿಯೇ ವಿಕಿರಣ ಕೊಟ್ಟರು.

ಗಡ್ಡೆ ಕರಗಿತು. ಮಾವ ಮತ್ತೆ ಹೊಲಿಗೆಗೆ ಕೂತಿದ್ದಾರೆ. ನಂಬಿಕೆ ಇಲ್ಲವಾದರೆ ಅಂಗಡಿಗೆ ಹೋಗಿ ಮಾತಾಡಿಸಿ, ನಗುನಗುತ್ತಲೇ ಮಾತಾಡುತ್ತಾರೆ. ಅವರು ತಪಾಸಣೆಗೆ ಹೋದಾಗಲೆಲ್ಲ ಅಕ್ಕ ಒಮ್ಮೆ ಆ ಯಂತ್ರದ ಕೆಳಗೆ ಮಲಗಿಸಿ ನೋಡುತ್ತಾಳೆ. ಹಸಿರು ಗೆರೆ ಇವತ್ತಿಗೂ ಚಪ್ಪಟೆ.